ಒಂದೆಳೆ ಅಂಗಾಂಶ, ಮೂರು ಪ್ರಶ್ನೆ: ಕೊಪ್ಪಳ ಜಿಲ್ಲೆಯ ಕಲ್ಲುಗಣಿ ಕಾರ್ಮಿಕರೊಬ್ಬರ ಶ್ವಾಸಕೋಶ ಬಯಾಪ್ಸಿಯ ಪ್ರಕರಣ ಅಧ್ಯಯನ

ಶ್ವಾಸಕೋಶದಿಂದ ಸೂಜಿಯ ಮೂಲಕ ತೆಗೆದ ಅಂಗಾಂಶದ ತುಣುಕನ್ನು ಯಾವ ಬೆಳಕಿನಲ್ಲಿ, ಯಾವ ಕ್ರಮದಲ್ಲಿ ನೋಡಬೇಕೆಂಬ ತೀರ್ಮಾನವೇ ಎಷ್ಟೋ ಸಲ ವರದಿಯ ದಿಕ್ಕನ್ನು ನಿರ್ಧರಿಸುತ್ತದೆ. ಹೊಸ ಹೊಸ ಸೂಕ್ಷ್ಮದರ್ಶಕ ವಿಧಾನಗಳು ಬಂದಿರುವ ಈ ಕಾಲದಲ್ಲಿ ಜಿಲ್ಲಾ ಮಟ್ಟದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರಿಗೆ ಈ ತೀರ್ಮಾನ ಇನ್ನಷ್ಟು ಕಷ್ಟವಾಗಿದೆ, ಏಕೆಂದರೆ ವಿಧಾನಗಳು ಹೆಚ್ಚಾಗಿವೆಯೇ ಹೊರತು ಸೂಜಿಯಲ್ಲಿ ಬರುವ ಅಂಗಾಂಶ ಹೆಚ್ಚಾಗಿಲ್ಲ. ಬಳ್ಳಾರಿಯ ನಮ್ಮ ಪ್ರಯೋಗಾಲಯಕ್ಕೆ ಬಂದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ರೋಗಿಯ ಒಪ್ಪಿಗೆ ಪಡೆಯಲಾಗಿದೆ. ಅವರ ಊರು, ವಯಸ್ಸು, ಕೆಲಸದ ಸ್ಥಳ ಮತ್ತು ಚಿಕಿತ್ಸೆ ನೀಡಿದ ಆಸ್ಪತ್ರೆಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂಗಾಂಶದಲ್ಲಿ ಕಂಡದ್ದನ್ನು ಮಾತ್ರ ಎಲ್ಲಿಯೂ ಬದಲಿಸಿಲ್ಲ.

ಹಿನ್ನೆಲೆ

ರೋಗಿ ಕೊಪ್ಪಳ ಜಿಲ್ಲೆಯವರು, ನಲವತ್ತರ ಆಸುಪಾಸಿನ ಗಂಡಸು. ಎರಡು ವರ್ಷಗಳಿಂದ ಕೆಮ್ಮು, ಏರು ಹತ್ತಿದರೆ ದಮ್ಮು, ನಿಧಾನವಾಗಿ ಇಳಿಯುತ್ತಿದ್ದ ತೂಕ. ಎದೆಯ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ನೆರಳುಗಳಿದ್ದವು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿರಲಿಲ್ಲ. ಆದರೂ ನಮ್ಮ ಭಾಗದಲ್ಲಿ ಅಂಥ ಎಕ್ಸ್‌ರೇ ನೋಡಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಟಿಬಿಯೇ ಆದ್ದರಿಂದ ಆರು ತಿಂಗಳ ಚಿಕಿತ್ಸೆ ಕೊಡಲಾಗಿತ್ತು ಮತ್ತು ರೋಗಿ ಅದನ್ನು ತಪ್ಪದೆ ಮುಗಿಸಿದ್ದರು. ಕೆಮ್ಮು ಸ್ವಲ್ಪ ಕಡಿಮೆಯಾಯಿತು, ದಮ್ಮು ಹಾಗೆಯೇ ಉಳಿಯಿತು. ಕೆಲವು ತಿಂಗಳ ನಂತರ ಮತ್ತೆ ತೆಗೆದ ಎಕ್ಸ್‌ರೇಯಲ್ಲಿ ಬಲಗಡೆಯ ನೆರಳು ಗಡ್ಡೆಯಂತೆ ಒತ್ತಾಗಿ ಕಂಡಿತು. ಬೀಡಿ ಸೇದುವ ಅಭ್ಯಾಸವೂ ಇದ್ದುದರಿಂದ ಕ್ಯಾನ್ಸರ್ ಇರಬಹುದೆಂಬ ಅನುಮಾನದ ಮೇಲೆ ಅವರನ್ನು ಬಳ್ಳಾರಿಗೆ ಕಳುಹಿಸಿದರು. ಇಲ್ಲಿ ಸಿಟಿ ಸ್ಕ್ಯಾನ್ ನೋಡುತ್ತಾ ಎದೆಯ ಗೋಡೆಯ ಮೂಲಕ ಸೂಜಿ ಹಾಕಿ ಗಡ್ಡೆಯಿಂದ ಅಂಗಾಂಶ ತೆಗೆದರು.

ನಮ್ಮ ಕೈಗೆ ಬಂದದ್ದು ಶಾವಿಗೆಯ ಎಳೆಯಂಥ ಒಂದೇ ಒಂದು ತುಣುಕು: ಉದ್ದ ಸುಮಾರು 12 ಮಿಲಿಮೀಟರ್, ದಪ್ಪ 1 ಮಿಲಿಮೀಟರ್‌ಗೂ ಕಡಿಮೆ. ರೋಗಿಗೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ಲಕ್ಷಣ ಕಂಡಿದ್ದರಿಂದ ಎರಡನೆಯ ತುಣುಕು ತೆಗೆಯುವುದನ್ನು ವೈದ್ಯರು ಕೈಬಿಟ್ಟಿದ್ದರು. ಅಂದರೆ ಇನ್ನೊಮ್ಮೆ ಕೇಳುವಂತಿರಲಿಲ್ಲ. ಜೊತೆಗಿದ್ದ ಕೋರಿಕೆ ಚೀಟಿಯಲ್ಲಿ ‘ಕ್ಯಾನ್ಸರ್ ಅನುಮಾನ, ಹಿಂದೆ ಟಿಬಿ ಚಿಕಿತ್ಸೆ ಆಗಿದೆ’ ಎಂದಿತ್ತು. ಉದ್ಯೋಗದ ಜಾಗದಲ್ಲಿ ‘ಕೂಲಿ’ ಎಂದು ಬರೆದಿತ್ತು.

ಸಮಸ್ಯೆ

ವೈದ್ಯರು ಕೇಳಿದ್ದು ಒಂದು ಪ್ರಶ್ನೆ. ತುಣುಕನ್ನು ನೋಡಿದ ಮೇಲೆ ನಮ್ಮ ಮುಂದೆ ಇದ್ದದ್ದು ಮೂರು. ಇದು ಕ್ಯಾನ್ಸರೇ? ಟಿಬಿ ಇನ್ನೂ ಉಳಿದಿದೆಯೇ? ಇವೆರಡೂ ಅಲ್ಲದಿದ್ದರೆ ಈ ಗಡ್ಡೆ ಏತರಿಂದ ಆಯಿತು? ಈ ಮೂರಕ್ಕೂ ಬೇಕಾದ ಪರೀಕ್ಷೆಗಳು ಬೇರೆ ಬೇರೆ, ಮತ್ತು ಹೆಚ್ಚಿನ ಪರೀಕ್ಷೆಗಳು ಅಂಗಾಂಶದ ಒಂದಿಷ್ಟು ಭಾಗವನ್ನು ಶಾಶ್ವತವಾಗಿ ಖರ್ಚು ಮಾಡುತ್ತವೆ.

ಈ ಖರ್ಚಿನ ಲೆಕ್ಕವನ್ನು ಪ್ರಯೋಗಾಲಯದ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಇಟ್ಟು, ನೀರಿನ ಅಂಶ ತೆಗೆದು, ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸುತ್ತೇವೆ. ಒಂದು ಮಿಲಿಮೀಟರ್ ಎಂದರೆ 1000 ಮೈಕ್ರಾನ್. ಹಾಗಾಗಿ ಕಾಗದದ ಮೇಲೆ ಇನ್ನೂರಕ್ಕೂ ಹೆಚ್ಚು ಪದರಗಳು ಸಿಗಬೇಕು. ವಾಸ್ತವ ಹಾಗಿಲ್ಲ. ಮೇಣದ ಬ್ಲಾಕನ್ನು ಯಂತ್ರಕ್ಕೆ ಹಚ್ಚಿ ಸಮತಟ್ಟು ಮಾಡುವಾಗಲೇ ಒಂದಿಷ್ಟು ಹೋಗುತ್ತದೆ. ತುಣುಕು ದುಂಡಗಿರುವುದರಿಂದ ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ಅಂಗಾಂಶ ಬಹಳ ಕಿರಿದಾಗಿರುತ್ತದೆ. ಬ್ಲಾಕನ್ನು ಒಮ್ಮೆ ಯಂತ್ರದಿಂದ ತೆಗೆದು, ನಾಲ್ಕು ದಿನ ಬಿಟ್ಟು ಮತ್ತೆ ಹಚ್ಚಿದರೆ ಅದೇ ಕೋನದಲ್ಲಿ ಅದು ಕೂರುವುದಿಲ್ಲ. ಮತ್ತೆ ಸಮತಟ್ಟು ಮಾಡಬೇಕು, ಮತ್ತೆ ಅಂಗಾಂಶ ಹೋಗುತ್ತದೆ. ಮೂರು ಸಲ ಹೀಗಾದರೆ ಸೂಜಿಯ ಬಯಾಪ್ಸಿಯಲ್ಲಿ ಉಳಿಯುವುದು ಬರೀ ಮೇಣ.

ಮೊದಲ ತೀರ್ಮಾನ: ಒಮ್ಮೆಲೇ ಕತ್ತರಿಸುವುದು

ಈ ಪ್ರಕರಣದಲ್ಲಿ ಸರಿಯಾದ ಮೊದಲ ಹೆಜ್ಜೆ ಇಟ್ಟವರು ನಮ್ಮ ಹಿರಿಯ ತಂತ್ರಜ್ಞರು. ಚೀಟಿಯಲ್ಲಿ ಎರಡು ಕಾಯಿಲೆಗಳ ಹೆಸರು ಇರುವುದನ್ನು ಕಂಡ ಅವರು, ಬ್ಲಾಕನ್ನು ಮೊದಲ ಸಲ ಹಚ್ಚಿದಾಗಲೇ ಒಂದೇ ರಿಬ್ಬನ್ನಿನಲ್ಲಿ ಹನ್ನೆರಡು ಪದರಗಳನ್ನು ಕತ್ತರಿಸಿ, ಹನ್ನೆರಡು ಗಾಜುಗಳ ಮೇಲೆ ಕ್ರಮಸಂಖ್ಯೆ ಹಾಕಿ ಕೂರಿಸಿದರು. ಒಂದಕ್ಕೆ ಮಾತ್ರ ಎಂದಿನ ಹೆಮಟಾಕ್ಸಿಲಿನ್–ಇಯೋಸಿನ್ ಬಣ್ಣ ಹಾಕಿ ಉಳಿದವನ್ನು ಬಣ್ಣವಿಲ್ಲದೆ ಪೆಟ್ಟಿಗೆಯಲ್ಲಿ ಇಟ್ಟರು. ಆಮೇಲೆ ನಡೆದ ಎಲ್ಲ ಪರೀಕ್ಷೆಗಳೂ ಸಾಧ್ಯವಾದದ್ದು ಈ ಪೆಟ್ಟಿಗೆಯಿಂದ. ಪಕ್ಕಪಕ್ಕದ ಪದರಗಳಾದ್ದರಿಂದ ಒಂದರಲ್ಲಿ ಕಂಡ ಜಾಗವನ್ನು ಇನ್ನೊಂದರಲ್ಲಿ ಹುಡುಕುವುದೂ ಸುಲಭವಾಯಿತು. ದುಬಾರಿ ಉಪಕರಣಗಳ ಬಗ್ಗೆ ಮಾತಾಡುವಾಗ ಈ ಕೈಚಳಕದ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅರ್ಧ ಯಶಸ್ಸು ಅಲ್ಲಿಯೇ ಇದೆ.

ಮೊದಲ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶಗಳು ಕಾಣಲಿಲ್ಲ. ಹೆಚ್ಚಿನ ಭಾಗ ಕೋಶಗಳೇ ಇಲ್ಲದ, ಗುಲಾಬಿ ಬಣ್ಣದ ದಪ್ಪ ನಾರಿನ ಅಂಗಾಂಶ. ಅಲ್ಲಲ್ಲಿ ಕಪ್ಪು ಧೂಳು ನುಂಗಿದ ಮ್ಯಾಕ್ರೋಫೇಜ್ ಕೋಶಗಳು, ಅಂದರೆ ಹೊರಗಿನಿಂದ ಬಂದ ಕಣಗಳನ್ನು ನುಂಗುವ ಕಾವಲು ಕೋಶಗಳು. ಒಂದು ತುದಿಯಲ್ಲಿ ಸತ್ತ ಅಂಗಾಂಶದ ಸಣ್ಣ ತೇಪೆ. ಕಪ್ಪು ಧೂಳನ್ನು ಕಂಡ ಮಾತ್ರಕ್ಕೆ ಏನನ್ನೂ ಹೇಳುವಂತಿಲ್ಲ. ಸೌದೆ ಒಲೆಯ ಹೊಗೆ ಕುಡಿದವರ, ಬೀಡಿ ಸೇದುವವರ ಶ್ವಾಸಕೋಶದಲ್ಲಿ ಅದು ಇದ್ದೇ ಇರುತ್ತದೆ. ಸತ್ತ ತೇಪೆ ಟಿಬಿಯಿಂದಲೂ ಆಗಬಹುದು, ದಪ್ಪ ನಾರಿನ ನಡುವೆ ರಕ್ತ ತಲುಪದೆಯೂ ಆಗಬಹುದು. ಎರಡನೆಯ ಪದರಕ್ಕೆ, ಕ್ಷಯದ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಝೀಲ್–ನೀಲ್ಸನ್ ಬಣ್ಣ ಹಾಕಿ, ಅತಿ ಹೆಚ್ಚು ಹಿಗ್ಗಿಸುವ ಎಣ್ಣೆ ಮಸೂರದಡಿ ಹುಡುಕಿದರೂ ಬ್ಯಾಕ್ಟೀರಿಯಾ ಕಾಣಲಿಲ್ಲ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದ ಮರುವರ್ಷವೇ ಬಂದ ಈ ಬಣ್ಣಕ್ಕೆ ಇಂದಿಗೂ ಬೆಲೆಯಿದೆ, ಆದರೆ ಬ್ಯಾಕ್ಟೀರಿಯಾಗಳು ಬೆರಳೆಣಿಕೆಯಷ್ಟಿದ್ದಾಗ ಅಂಗಾಂಶದ ಪದರದಲ್ಲಿ ಅವನ್ನು ಹುಡುಕುವುದು ಕಣ್ಣಿಗೂ ಸಮಯಕ್ಕೂ ಬಹಳ ಭಾರ.

ಎರಡನೆಯ ತೀರ್ಮಾನ: ಸ್ಕ್ಯಾನ್ ಮಾಡಿ ಕಳುಹಿಸುವುದು

ವೈದ್ಯರಿಗೆ ತುರ್ತಾಗಿ ಬೇಕಿದ್ದದ್ದು ಕ್ಯಾನ್ಸರ್ ಇಲ್ಲ ಎಂಬ ಖಾತ್ರಿ, ಏಕೆಂದರೆ ಶಸ್ತ್ರಚಿಕಿತ್ಸೆಯ ಮಾತು ಆಗಲೇ ನಡೆದಿತ್ತು. ಅದಕ್ಕಾಗಿ ಮೊದಲ ಸ್ಲೈಡನ್ನು ಸ್ಕ್ಯಾನರಿನಲ್ಲಿ ಪೂರ್ತಿ ಚಿತ್ರವಾಗಿಸಿ, ಬೇರೆ ಊರಿನಲ್ಲಿರುವ ಶ್ವಾಸಕೋಶ ರೋಗಶಾಸ್ತ್ರದ ತಜ್ಞರೊಬ್ಬರಿಗೆ ಕಳುಹಿಸಿದೆವು. ಇಡೀ ಸ್ಲೈಡನ್ನು ಡಿಜಿಟಲ್ ಚಿತ್ರವಾಗಿಸಿ ಪರದೆಯ ಮೇಲೆಯೇ ವರದಿ ಕೊಡುವ ವ್ಯವಸ್ಥೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಮೊದಲ ಬಾರಿ ಅನುಮತಿ ಕೊಟ್ಟಿತು. ಅಲ್ಲಿಂದೀಚೆಗೆ ಈ ವಿಧಾನ ನಮ್ಮಲ್ಲಿಯೂ ಹಬ್ಬಿದೆ. ಚಿತ್ರದ ಪ್ರತಿ ಚುಕ್ಕಿ ಅಂಗಾಂಶದ 0.25 ಮೈಕ್ರಾನ್ ಅಗಲಕ್ಕೆ ಸಮ. ನಮ್ಮ ತುಣುಕಿನ ಉದ್ದಗಲವನ್ನು ಈ ಅಳತೆಯಲ್ಲಿ ಗುಣಿಸಿದರೆ ಸುಮಾರು 19 ಕೋಟಿ ಚುಕ್ಕಿಗಳಾಗುತ್ತವೆ, ಆದರೂ ಕುಗ್ಗಿಸಿದ ಮೇಲೆ ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ಕಳುಹಿಸಬಹುದಾದಷ್ಟು ಚಿಕ್ಕ ಕಡತವೇ ಆಗುತ್ತದೆ.

ತಜ್ಞರ ಉತ್ತರ ಅದೇ ಸಂಜೆ ಬಂತು. ಕಂಡಷ್ಟರಲ್ಲಿ ಕ್ಯಾನ್ಸರ್ ಇಲ್ಲ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಅದರ ಕೆಳಗೆ ಎರಡು ಪ್ರಶ್ನೆಗಳಿದ್ದವು: ಈ ವ್ಯಕ್ತಿ ಮಾಡುವ ಕೆಲಸ ಯಾವುದು, ಮತ್ತು ಧ್ರುವೀಕೃತ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ಈ ಸ್ಲೈಡ್ ಹೇಗೆ ಕಾಣುತ್ತದೆ? ಎರಡನೆಯ ಪ್ರಶ್ನೆಗೆ ಅವರು ಪರದೆಯ ಮುಂದೆ ಕೂತು ತಾವೇ ಉತ್ತರ ಕಂಡುಕೊಳ್ಳುವಂತಿರಲಿಲ್ಲ. ಸಾಮಾನ್ಯ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಬೆಳಕಿನ ಧ್ರುವೀಕರಣದ ಮಾಹಿತಿಯೇ ಇರುವುದಿಲ್ಲ. ಯಾವ ತಂತ್ರಾಂಶವೂ ಅದನ್ನು ಆಮೇಲೆ ಹುಟ್ಟಿಸಲಾರದು. ಹಾಗೆಯೇ 0.2ರಿಂದ 0.5 ಮೈಕ್ರಾನ್ ಅಗಲದ ಕ್ಷಯದ ಬ್ಯಾಕ್ಟೀರಿಯಾ ಅಂಥ ಚಿತ್ರದಲ್ಲಿ ಒಂದೆರಡು ಚುಕ್ಕಿಗಳಷ್ಟು ದಪ್ಪವಿರುತ್ತದೆ. ಸ್ಕ್ಯಾನರಿನ ಮಸೂರ ಸ್ಪಷ್ಟವಾಗಿ ಹಿಡಿಯುವುದು ಒಂದು ಮೈಕ್ರಾನಿನ ಆಸುಪಾಸಿನ ಆಳವನ್ನು ಮಾತ್ರ. ನಾಲ್ಕು ಮೈಕ್ರಾನ್ ದಪ್ಪದ ಪದರದ ಉಳಿದ ಭಾಗ ಮಸುಕಾಗಿಯೇ ಇರುತ್ತದೆ. ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಚಿತ್ರ ಸೊಗಸಾಗಿ ಕಾಣುವುದರಿಂದ, ಅಲ್ಲಿ ಇರುವುದೆಲ್ಲ ಕಂಡಿತು ಎಂಬ ಭಾವನೆ ನೋಡುವವರಲ್ಲಿ ಬಲವಾಗುತ್ತದೆ. ತಜ್ಞರು ಆ ಭಾವನೆಗೆ ಒಳಗಾಗದೆ ಗಾಜನ್ನೇ ಮತ್ತೆ ನೋಡಲು ಹೇಳಿದ್ದು ಈ ಪ್ರಕರಣದ ಮೊದಲ ತಿರುವು.

ಮೊದಲ ಪ್ರಶ್ನೆಗೆ ಉತ್ತರ ಒಂದು ಫೋನ್ ಕರೆಯಲ್ಲಿ ಸಿಕ್ಕಿತು. ನಮ್ಮ ತಂತ್ರಜ್ಞರು ರೋಗಿಯ ಜೊತೆ ಮಾತಾಡಿದರು.

“ಅಣ್ಣಾರ, ಚೀಟಿಯಾಗ ಕೂಲಿ ಅಂತ ಬರದಾರ. ಏನ್ ಕೂಲಿರಿ, ಹೊಲದ್ದೇನು?”

“ಹೊಲದ್ದಲ್ರಿ. ಕಲ್ಲಿನ ಕ್ವಾರಿಯಾಗ ಡ್ರಿಲ್ ಹೊಡಿತಿದ್ನಿರಿ, ಹದಿನೈದು ವರ್ಷದ ಮ್ಯಾಲಾತು. ಧೂಳಂದ್ರ ಧೂಳ್ರಿ, ಮಗ್ಗಲದಾಗ ನಿಂತಾಂವ ಕಾಣ್ತಿದ್ದಿಲ್ಲ.”

ಕೊಪ್ಪಳ ಜಿಲ್ಲೆಯ ಕುಷ್ಟಗಿ ಭಾಗ ಮತ್ತು ಅದಕ್ಕೆ ತಾಗಿದ ಇಳಕಲ್ಲಿನ ಸುತ್ತಮುತ್ತ ಕೆಂಪು ಗ್ರಾನೈಟಿನ ಗಣಿಗಳಿರುವುದು ಎಲ್ಲರಿಗೂ ಗೊತ್ತು. ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯಬೇಕಾದರೆ ಅದರ ತಿಳಿಬಣ್ಣದ ಖನಿಜಗಳಲ್ಲಿ ಬೆಣಚು ಶೇಕಡಾ 20ಕ್ಕಿಂತ ಕಡಿಮೆ ಇರುವಂತಿಲ್ಲ. ಬೆಣಚು ಎಂದರೆ ಹರಳುಗಟ್ಟಿದ ಸಿಲಿಕಾ. ನೀರು ಹರಿಸದೆ ಒಣಗಲ್ಲಿಗೆ ಡ್ರಿಲ್ ಹೊಡೆದಾಗ ಏಳುವ ಧೂಳಿನಲ್ಲಿ ಐದು ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಗಾಳಿಚೀಲಗಳ ತನಕ ಇಳಿಯುತ್ತವೆ. ಮ್ಯಾಕ್ರೋಫೇಜ್‌ಗಳು ಅವನ್ನು ನುಂಗಿ ಸಾಯುತ್ತವೆ, ಅವುಗಳ ಸುತ್ತ ನಾರು ಬೆಳೆಯುತ್ತದೆ, ಚಿಕ್ಕ ಗಂಟುಗಳು ವರ್ಷಗಳ ನಂತರ ಒಂದಕ್ಕೊಂದು ಕೂಡಿ ಗಡ್ಡೆಯೂ ಆಗುತ್ತವೆ. ಈ ಕಾಯಿಲೆಯ ಹೆಸರು ಸಿಲಿಕೋಸಿಸ್. ಅದಾದ ಶ್ವಾಸಕೋಶದಲ್ಲಿ ಟಿಬಿ ಬರುವ ಅಪಾಯವೂ ಹಲವು ಪಟ್ಟು ಹೆಚ್ಚು. ಸಿಲಿಕೋಸಿಸ್ ಗುರುತಿಸಲು ಬಯಾಪ್ಸಿ ಸಾಮಾನ್ಯವಾಗಿ ಬೇಕಾಗಿಯೇ ಇಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲಸದ ಇತಿಹಾಸ ಮತ್ತು ಎಕ್ಸ್‌ರೇ ಸಾಕಾಗುತ್ತವೆ. ಇಲ್ಲಿ ಸೂಜಿ ಹಾಕಿದ್ದು ಕ್ಯಾನ್ಸರಿನ ಅನುಮಾನದಿಂದ, ಮತ್ತು ಆ ಅನುಮಾನ ಅಸಹಜವೇನೂ ಆಗಿರಲಿಲ್ಲ.

ಮೂರನೆಯ ತೀರ್ಮಾನ: ಖರ್ಚಿಲ್ಲದ ಬೆಳಕು ಮೊದಲು

ಕೆಲಸದ ವಿವರ ತಿಳಿದ ಮೇಲೆ ಒಂದು ನಿಯಮ ಮಾಡಿಕೊಂಡೆವು. ಅಂಗಾಂಶವನ್ನು ಖರ್ಚು ಮಾಡದ ಪರೀಕ್ಷೆಗಳು ಮೊದಲು, ಖರ್ಚು ಮಾಡುವವು ಆಮೇಲೆ, ಮತ್ತು ಒಂದೇ ಗಾಜಿನಿಂದ ಎರಡು ಕೆಲಸ ಸಾಧ್ಯವಿದ್ದರೆ ಎರಡನ್ನೂ ಮಾಡುವುದು.

ಧ್ರುವೀಕೃತ ಬೆಳಕಿಗೆ ಬೇಕಾದದ್ದು ಎರಡು ಪೋಲರೈಸರ್ ಹಾಳೆಗಳು ಮಾತ್ರ. ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಮೇಲೆ ಇಟ್ಟು, ಒಂದನ್ನು ತೊಂಬತ್ತು ಡಿಗ್ರಿ ತಿರುಗಿಸಿದರೆ ಹಿನ್ನೆಲೆ ಕತ್ತಲಾಗುತ್ತದೆ. ಬೆಳಕನ್ನು ಎರಡಾಗಿ ಒಡೆಯುವ ಹರಳುಗಳಷ್ಟೇ ಹೊಳೆಯುತ್ತವೆ. ಬೆಣಚಿನ ಕಣಗಳು ಸಾಮಾನ್ಯ ಬೆಳಕಿನಲ್ಲಿ ಕಣ್ಣಿಗೆ ಬೀಳದಿರುವುದಕ್ಕೆ ಭೌತಶಾಸ್ತ್ರದ ಕಾರಣವಿದೆ: ಬೆಣಚಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.54ರಿಂದ 1.55, ಸ್ಲೈಡ್ ಮುಚ್ಚಲು ನಾವು ಬಳಸುವ ಡಿಪಿಎಕ್ಸ್ ಅಂಟಿನದು ಸುಮಾರು 1.52. ಎರಡೂ ಇಷ್ಟು ಹತ್ತಿರ ಇರುವಾಗ ಕಣದ ಅಂಚು ಬೆಳಕಿನಲ್ಲಿ ಕರಗಿಹೋಗುತ್ತದೆ. ಹಾಳೆಗಳನ್ನು ಇಟ್ಟು ನೋಡಿದಾಗ ನಾರಿನ ನಡುವೆ, ಧೂಳು ನುಂಗಿದ ಕೋಶಗಳ ಸುತ್ತ ಹತ್ತಾರು ಚುಕ್ಕಿಗಳು ಹೊಳೆದವು. ಕೆಲವು ಪ್ರಖರ, ಕೆಲವು ಮಂಕು.

ಇಲ್ಲಿಯೇ ನಿಂತು ಸಿಲಿಕೋಸಿಸ್ ಎಂದು ಬರೆದುಬಿಡುವುದು ಸುಲಭವಿತ್ತು. ಹಾಗೆ ಬರೆಯದಿರಲು ಮೂರು ಕಾರಣಗಳಿದ್ದವು. ರಕ್ತವಿರುವ ಅಂಗಾಂಶ ಆಮ್ಲೀಯ ಫಾರ್ಮಲಿನ್‌ನಲ್ಲಿ ಕುಳಿತರೆ ಕಂದು ಬಣ್ಣದ ಫಾರ್ಮಲಿನ್ ವರ್ಣಕಣಗಳು ಹುಟ್ಟುತ್ತವೆ, ಅವೂ ಧ್ರುವೀಕೃತ ಬೆಳಕಿನಲ್ಲಿ ಹೊಳೆಯುತ್ತವೆ. ದಪ್ಪ ನಾರಿನ ಕೊಲ್ಲಾಜೆನ್ ತಾನೂ ಹೊಳೆಯುತ್ತದೆ. ಸ್ಲೈಡ್ ಮಾಡುವಾಗ ಗಾಳಿಯಿಂದ, ಕೈಗವಸಿನ ಪುಡಿಯಿಂದ ಬಿದ್ದ ಧೂಳೂ ಹೊಳೆಯುತ್ತದೆ, ಮತ್ತು ಬಳ್ಳಾರಿಯ ಬೇಸಿಗೆಯಲ್ಲಿ ಧೂಳಿಲ್ಲದ ಕೋಣೆ ಎಂಬುದು ಇಲ್ಲ. ಒಂದು ಬಣ್ಣವಿಲ್ಲದ ಪದರವನ್ನು ಆಲ್ಕೋಹಾಲಿನಲ್ಲಿ ಸಂತೃಪ್ತಗೊಳಿಸಿದ ಪಿಕ್ರಿಕ್ ಆಮ್ಲದಲ್ಲಿ ಇಟ್ಟು ತೆಗೆದೆವು. ಕಂದು ಕಣಗಳು ಕರಗಿದವು, ಅವುಗಳ ಹೊಳಪೂ ಹೋಯಿತು. ಉಳಿದ ಚುಕ್ಕಿಗಳಿಗೆ ಮಸೂರವನ್ನು ಅರ್ಧರ್ಧ ಮೈಕ್ರಾನಿನಂತೆ ಇಳಿಸುತ್ತಾ ಹಲವು ಆಳಗಳಲ್ಲಿ ಚಿತ್ರ ತೆಗೆದೆವು. ಅಂಗಾಂಶದ ಕೋಶಗಳು ಯಾವ ಆಳದಲ್ಲಿ ಸ್ಪಷ್ಟವಾಗುತ್ತವೆಯೋ ಅದೇ ಆಳದಲ್ಲಿ ಸ್ಪಷ್ಟವಾದ ಕಣ ಅಂಗಾಂಶದೊಳಗಿನದು. ಅದಕ್ಕಿಂತ ಮೇಲೆ ತೇಲುವುದು ಹೊರಗಿನ ಧೂಳು. ಹೀಗೆ ಸೋಸಿದ ಮೇಲೂ ಕೋಶಗಳೊಳಗೆ, ಒಂದರಿಂದ ಎರಡು ಮೈಕ್ರಾನಿನ, ಮಂಕಾಗಿ ಹೊಳೆಯುವ ಕಣಗಳು ಸಾಕಷ್ಟು ಉಳಿದವು. ಪ್ರಖರವಾಗಿ ಹೊಳೆಯುವುದು ಅಭ್ರಕದಂಥ ಸಿಲಿಕೇಟುಗಳು, ಮಂಕಾಗಿ ಹೊಳೆಯುವುದು ಬೆಣಚು ಎಂಬುದು ನಮ್ಮ ಪಠ್ಯದ ಮಾತು. ಗ್ರಾನೈಟಿನಲ್ಲಿ ಎರಡೂ ಇರುತ್ತವೆ.

ನಾಲ್ಕನೆಯ ತೀರ್ಮಾನ: ನೀಲಿ ಬೆಳಕು

ಸಿಲಿಕಾದ ಸುಳಿವು ಸಿಕ್ಕ ಕೂಡಲೇ ಟಿಬಿಯ ಪ್ರಶ್ನೆಯನ್ನು ಬದಿಗಿಡುವುದು ಅಪಾಯಕಾರಿ ಆಗುತ್ತಿತ್ತು. ಸಿಲಿಕಾ ಇದ್ದಲ್ಲಿ ಟಿಬಿಯ ಹುಡುಕಾಟ ಇನ್ನೂ ಬಿಗಿಯಾಗಬೇಕು. ಸತ್ತ ತೇಪೆ ಅಗಲವಾಗಿ ಕಂಡಿದ್ದ ಪದರವನ್ನು ಆರಿಸಿ ಆರಮೈನ್ ಬಣ್ಣ ಹಾಕಿದೆವು. ಈ ಬಣ್ಣ ಕ್ಷಯದ ಬ್ಯಾಕ್ಟೀರಿಯಾದ ಮೇಣದಂಥ ಹೊರಪದರಕ್ಕೆ ಅಂಟಿಕೊಳ್ಳುತ್ತದೆ ಮತ್ತು ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದಾಗ ಹಸಿರು–ಹಳದಿಯಾಗಿ ಬೆಳಗುತ್ತದೆ. ಹಿಂದೆ ಇದಕ್ಕೆ ಕತ್ತಲೆ ಕೋಣೆ, ಬೇಗ ಸುಟ್ಟುಹೋಗುವ ಪಾದರಸದ ದೀಪ ಬೇಕಾಗಿದ್ದವು. ಎಲ್‌ಇಡಿ ದೀಪ ಬಂದ ಮೇಲೆ ಈ ಪರೀಕ್ಷೆ ತಾಲ್ಲೂಕು ಮಟ್ಟಕ್ಕೂ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕಫ ಪರೀಕ್ಷೆಗೆ ಇದನ್ನು ಶಿಫಾರಸು ಮಾಡಿತು. ಕತ್ತಲ ಹಿನ್ನೆಲೆಯಲ್ಲಿ ಬೆಳಗುವ ಕಡ್ಡಿಗಳನ್ನು ಕಡಿಮೆ ಹಿಗ್ಗುವಿಕೆಯಲ್ಲಿಯೇ ಹುಡುಕಬಹುದಾದ್ದರಿಂದ ಅದೇ ಸಮಯದಲ್ಲಿ ಹಲವು ಪಟ್ಟು ಹೆಚ್ಚು ಜಾಗವನ್ನು ಕಣ್ಣು ನೋಡುತ್ತದೆ.

ಸತ್ತ ತೇಪೆಯ ಅಂಚಿನಲ್ಲಿ ಕೆಲವು ಕಡ್ಡಿಗಳು ಬೆಳಗಿದವು. ಅಂಗಾಂಶದಲ್ಲಿ ತಾವಾಗಿಯೇ ಬೆಳಗುವ ನಾರುಗಳು, ಕೆಂಪು ರಕ್ತಕಣಗಳ ಚೂರುಗಳು ಇರುವುದರಿಂದ ಇವನ್ನು ತಕ್ಷಣ ನಂಬಲಿಲ್ಲ. ಕಡ್ಡಿಗಳಿದ್ದ ಜಾಗಗಳ ಅಡ್ಡ–ಉದ್ದ ಅಂಕಗಳನ್ನು ಸೂಕ್ಷ್ಮದರ್ಶಕದ ಪೀಠದಿಂದ ಬರೆದುಕೊಂಡು, ಚಿತ್ರ ತೆಗೆದು, ಅದೇ ಗಾಜಿನ ಮೇಲೆ ಝೀಲ್–ನೀಲ್ಸನ್ ಬಣ್ಣ ಹಾಕಿದೆವು. ಅದೇ ಅಂಕಗಳಿಗೆ ಮರಳಿ ಎಣ್ಣೆ ಮಸೂರದಲ್ಲಿ ನೋಡಿದಾಗ ಅವುಗಳಲ್ಲಿ ಕೆಲವು ಕೆಂಪು ಕಡ್ಡಿಗಳಾಗಿ ಸ್ಪಷ್ಟವಾಗಿ ಕಂಡವು. ಉಳಿದವು ಬರಿಯ ಕಸ. ಒಂದೇ ಪದರ ಎರಡು ಬೆಳಕುಗಳಿಗೆ ಉತ್ತರ ಕೊಟ್ಟಿತು. ಎರಡನೆಯ ಪದರದಲ್ಲಿ ಇಡೀ ತುಣುಕನ್ನು ಹುಡುಕಿ ಸಿಗದ ಬ್ಯಾಕ್ಟೀರಿಯಾ ಇಲ್ಲಿ ಸಿಕ್ಕಿದ್ದು, ಎಲ್ಲಿ ನೋಡಬೇಕು ಎಂದು ನೀಲಿ ಬೆಳಕು ಮೊದಲೇ ತೋರಿಸಿದ್ದರಿಂದ.

ಆದರೆ ಸೂಕ್ಷ್ಮದರ್ಶಕ ಬ್ಯಾಕ್ಟೀರಿಯಾ ಇದೆ ಎನ್ನಬಲ್ಲುದೇ ಹೊರತು ಅದು ಬದುಕಿದೆಯೇ ಎಂದು ಹೇಳಲಾರದು. ಆರು ತಿಂಗಳ ಚಿಕಿತ್ಸೆ ಮುಗಿಸಿದ ರೋಗಿಯಲ್ಲಿ ಸತ್ತ ಬ್ಯಾಕ್ಟೀರಿಯಾದ ಕವಚ ಉಳಿದಿರಬಹುದು. ಮೇಣದಲ್ಲಿ ಕೂರಿಸಿದ ಅಂಗಾಂಶದಿಂದ ಡಿಎನ್‌ಎ ಪರೀಕ್ಷೆ ಮಾಡಿಸುವ ಯೋಚನೆ ಬಂತು. ಫಾರ್ಮಲಿನ್ ಡಿಎನ್‌ಎಯನ್ನು ತುಂಡು ಮಾಡಿರುತ್ತದೆ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಆ ಪರೀಕ್ಷೆ ಹೌದು ಎನ್ನುತ್ತದೆ, ಮತ್ತು ನಮ್ಮ ಉಳಿದ ಪದರಗಳಲ್ಲಿ ಹೆಚ್ಚಿನವು ಅದಕ್ಕೇ ಹೋಗುತ್ತಿದ್ದವು. ಹಾಗಾಗಿ ಅದನ್ನು ಬಿಟ್ಟು, ಉಪ್ಪುನೀರಿನ ಆವಿ ಕೊಟ್ಟು ಕಫ ಬರಿಸಿ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಕಳುಹಿಸುವಂತೆ ವೈದ್ಯರಿಗೆ ಬರೆದೆವು. ದ್ರವ ಮಾಧ್ಯಮದಲ್ಲಿ ಇಲ್ಲ ಎಂದು ಹೇಳಲು ಆರು ವಾರ ಕಾಯಬೇಕು. ನಾಲ್ಕನೆಯ ವಾರದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬೆಳೆಯಿತು, ಮತ್ತು ಮೊದಲ ಸಾಲಿನ ಔಷಧಗಳಿಗೆ ಅದು ಬಗ್ಗುವಂಥದೇ ಆಗಿತ್ತು. ಅಂಗಾಂಶದಲ್ಲಿ ಕಡ್ಡಿಗಳು ಕಾಣದಿದ್ದರೆ ಈ ಕಲ್ಚರ್ ಅನ್ನು ಯಾರೂ ಕೇಳುತ್ತಿರಲಿಲ್ಲ.

ಐದನೆಯ ತೀರ್ಮಾನ: ಬೆಂಗಳೂರಿಗೆ ಹೋದ ಎರಡು ಗಾಜುಗಳು

ಉಳಿದ ಪ್ರಶ್ನೆ ಕಣಗಳದು. ಮಂಕಾಗಿ ಹೊಳೆಯುವ ಕಣ ಬೆಣಚೇ ಎಂದು ಖಚಿತಪಡಿಸಲು ಸಾಮಾನ್ಯವಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಕ್ಸ್‌ಕಿರಣ ವಿಶ್ಲೇಷಣೆ ಮಾಡುತ್ತಾರೆ. ಅದು ಮೂಲಧಾತುವನ್ನು ಗುರುತಿಸುತ್ತದೆ. ನಮ್ಮ ಪದರಗಳು ಕೂತಿದ್ದದ್ದು ಗಾಜಿನ ಮೇಲೆ, ಮತ್ತು ಗಾಜು ಕೂಡ ಸಿಲಿಕಾನಿನದೇ. ಆ ಪರೀಕ್ಷೆಗೆ ಬೇರೆ ಆಧಾರದ ಮೇಲೆ ಹೊಸ ಪದರ ಕೂರಿಸಬೇಕಿತ್ತು, ಅಂದರೆ ಬ್ಲಾಕನ್ನು ಮತ್ತೆ ಯಂತ್ರಕ್ಕೆ ಹಚ್ಚಬೇಕಿತ್ತು.

ರಾಮನ್ ಸೂಕ್ಷ್ಮದರ್ಶನ ಇಲ್ಲಿ ಉಪಯೋಗಕ್ಕೆ ಬಂತು. ಲೇಸರ್ ಬೆಳಕು ವಸ್ತುವಿನ ಮೇಲೆ ಬಿದ್ದು ಚದುರುವಾಗ ಅದರ ಅತ್ಯಲ್ಪ ಭಾಗ ಮಾತ್ರ ಬಣ್ಣ ಬದಲಿಸಿ ಹೊರಬರುತ್ತದೆ. ಎಷ್ಟು ಬದಲಿಸುತ್ತದೆ ಎಂಬುದು ಆ ವಸ್ತುವಿನೊಳಗಿನ ಬಂಧಗಳ ಕಂಪನವನ್ನು ಅವಲಂಬಿಸಿದೆ. ಸಿ. ವಿ. ರಾಮನ್ 1928ರ ಫೆಬ್ರವರಿ 28ರಂದು ಕಂಡುಕೊಂಡ ಈ ಪರಿಣಾಮ ಇಂದು ಮಿದುಳಿನ ಶಸ್ತ್ರಚಿಕಿತ್ಸೆಯ ನಡುವೆಯೇ, ಬಣ್ಣ ಹಾಕದೆ ಗಡ್ಡೆಯ ಅಂಗಾಂಶವನ್ನು ನಿಮಿಷಗಳಲ್ಲಿ ನೋಡುವ ಮಟ್ಟಕ್ಕೆ ಬೆಳೆದಿದೆ. ನಮಗೆ ಬೇಕಾಗಿದ್ದ ಗುಣ ಇನ್ನೂ ಸರಳವಾದದ್ದು. ಬೆಣಚು ಹರಳಾದ್ದರಿಂದ 464ರ ತರಂಗಸಂಖ್ಯೆಯಲ್ಲಿ (ಬಣ್ಣ ಎಷ್ಟು ಬದಲಾಯಿತೆಂಬುದರ ಅಳತೆ, ಪ್ರತಿ ಸೆಂಟಿಮೀಟರಿಗೆ) ಮೊನಚಾದ ಒಂದು ಶಿಖರ ಕೊಡುತ್ತದೆ. ಗಾಜಿನಲ್ಲಿ ಹರಳಿನ ಕ್ರಮವಿಲ್ಲ, ಆದ್ದರಿಂದ ಅದರದು ಅಗಲವಾದ ದಿಬ್ಬ ಮಾತ್ರ. ಎರಡೂ ಸಿಲಿಕಾನಿನವೇ ಆದರೂ ರಾಮನ್ ಬೆಳಕು ಅವನ್ನು ಬೇರ್ಪಡಿಸುತ್ತದೆ.

ಬಣ್ಣ ಹಾಕದ ಎರಡು ಪದರಗಳನ್ನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಕಳುಹಿಸಿದೆವು. ಬಣ್ಣ ಹಾಕಿದ ಸ್ಲೈಡ್ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಇಯೋಸಿನ್ ಬಣ್ಣ ಲೇಸರ್ ಬಿದ್ದಾಗ ತಾನೇ ಬೆಳಗಿ, ಅಂದರೆ ಪ್ರತಿದೀಪಿಸಿ, ರಾಮನ್ ಸಂಕೇತವನ್ನು ಮುಳುಗಿಸುತ್ತದೆ. ಪೆಟ್ಟಿಗೆಯಲ್ಲಿ ಉಳಿಸಿಟ್ಟ ಗಾಜುಗಳ ಬೆಲೆ ಇಲ್ಲಿ ಮತ್ತೊಮ್ಮೆ ತಿಳಿಯಿತು. ಕೋಶಗಳೊಳಗಿನ ಹಲವು ಕಣಗಳಲ್ಲಿ 464ರ ಶಿಖರ ಸ್ಪಷ್ಟವಾಗಿತ್ತು.

ಅಲ್ಲಿನವರು ಆಸಕ್ತಿಯಿಂದ ಇನ್ನೊಂದು ಚಿತ್ರವನ್ನೂ ಮಾಡಿಕೊಟ್ಟರು. ಅತಿಕಿರು ಸ್ಪಂದನಗಳ ಲೇಸರನ್ನು ಹಾಯಿಸಿದರೆ ಕೊಲ್ಲಾಜೆನ್ ನಾರು ಎರಡು ಫೋಟಾನುಗಳನ್ನು ಕೂಡಿಸಿ, ಅರ್ಧ ತರಂಗಾಂತರದ ಒಂದನ್ನು ಹೊರಬಿಡುತ್ತದೆ. ಬಣ್ಣವಿಲ್ಲದೆಯೇ ನಾರು ಮಾತ್ರ ಬೆಳಗುತ್ತದೆ. ಆ ಚಿತ್ರದಲ್ಲಿ ನಾರುಗಳು ಸುತ್ತುಸುತ್ತಾಗಿ ಹೆಣೆದುಕೊಂಡ ಗಂಟು ಅತ್ಯಂತ ಸುಂದರವಾಗಿ ಕಂಡಿತು. ಆದರೆ ಚಿಕಿತ್ಸೆಯ ಯಾವ ತೀರ್ಮಾನವನ್ನೂ ಅದು ಬದಲಿಸಲಿಲ್ಲ; ನಾರಿಗೆ ಹಾಕುವ ಹಳೆಯ ಬಣ್ಣವೊಂದು ಅದೇ ಸಂಗತಿಯನ್ನು ನಮ್ಮ ಮೇಜಿನ ಮೇಲೆಯೇ ತೋರಿಸುತ್ತಿತ್ತು. ಇಂಥ ಚಿತ್ರಗಳು ನಾರಿನ ಪ್ರಮಾಣವನ್ನು ಅಳೆಯುವ ಸಂಶೋಧನೆಗೆ ಬಹಳ ಬೇಕಾದವು. ರೋಗಿಯೊಬ್ಬರ ವರದಿಗಾಗಿ ಅಂಗಾಂಶ ಕಡಿಮೆ ಇರುವಾಗ ನಾನು ಅದನ್ನು ಕೇಳುವುದಿಲ್ಲ.

ಇನ್ನೊಂದು ವಿಧಾನದ ಬಗ್ಗೆ ಮಾತ್ರ ನನಗೆ ನಿಜವಾದ ಆಸೆಯಿದೆ. 280 ನ್ಯಾನೋಮೀಟರಿನ ಆಸುಪಾಸಿನ ನೇರಳಾತೀತ ಬೆಳಕು ಅಂಗಾಂಶದ ಮೇಲ್ಮೈಯ ಸುಮಾರು ಹತ್ತು ಮೈಕ್ರಾನ್ ಮಾತ್ರ ಒಳಹೋಗುತ್ತದೆ; ಹಾಗಾಗಿ ತುಣುಕನ್ನು ಕತ್ತರಿಸದೆ, ಬೇಗ ಹಿಡಿಯುವ ಪ್ರತಿದೀಪಕ ಬಣ್ಣದಲ್ಲಿ ಅದ್ದಿ ಮೇಲ್ಮೈಯನ್ನು ನೋಡಿ, ಆಮೇಲೆ ಎಂದಿನಂತೆ ಮೇಣಕ್ಕೆ ಹಾಕಬಹುದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇದನ್ನು ವಿವರಿಸಿದರು. ಸೂಜಿ ಹಾಕುವ ಕೋಣೆಯಲ್ಲಿಯೇ ಇಂಥ ಉಪಕರಣವಿದ್ದರೆ, ತುಣುಕಿನಲ್ಲಿ ನೋಡಬೇಕಾದ ಅಂಗಾಂಶ ಬಂದಿದೆಯೇ ಎಂಬುದು ರೋಗಿ ಮೇಜಿನಿಂದ ಇಳಿಯುವ ಮುಂಚೆಯೇ, ಒಂದು ಪದರವನ್ನೂ ಕಳೆದುಕೊಳ್ಳದೆ ಗೊತ್ತಾಗುತ್ತಿತ್ತು.

ಪರಿಣಾಮ ಮತ್ತು ಅದರಿಂದ ಬದಲಾದದ್ದು

ಅಂತಿಮ ವರದಿಯಲ್ಲಿ ಕ್ಯಾನ್ಸರ್ ಕಂಡಿಲ್ಲ, ಸಿಲಿಕೋಸಿಸಿನ ಗಡ್ಡೆಯಿದೆ, ಅದರೊಳಗೆ ಕ್ಷಯವಿದೆ ಎಂದು ಮೂರನ್ನೂ ಬಿಡಿಬಿಡಿಯಾಗಿ, ಪ್ರತಿಯೊಂದಕ್ಕೂ ಯಾವ ಬೆಳಕಿನಲ್ಲಿ ಏನು ಕಂಡಿತೆಂಬ ಆಧಾರದೊಂದಿಗೆ ಬರೆದೆವು. ಎರಡು ಕಾಯಿಲೆಗಳನ್ನೂ ಹೆಸರಿಸಿದ್ದಕ್ಕೆ ವೈದ್ಯಕೀಯವನ್ನು ಮೀರಿದ ಕಾರಣವಿತ್ತು. 2025ರವರೆಗೆ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯ್ದೆ 1923ರ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಜೊತೆಗೆ ಸಿಲಿಕೋ–ಕ್ಷಯವೂ ಉದ್ಯೋಗಜನ್ಯ ಕಾಯಿಲೆಯೆಂದು ಇತ್ತು, ಆದರೆ ಅಶಕ್ತತೆಗೆ ಅಥವಾ ಸಾವಿಗೆ ಸಿಲಿಕೋಸಿಸ್ ಅತ್ಯಗತ್ಯ ಕಾರಣವಾಗಿರಬೇಕೆಂಬ ಷರತ್ತಿನೊಂದಿಗೆ. ವರದಿಯಲ್ಲಿ ಬರೀ ಟಿಬಿ ಎಂದಿದ್ದರೆ ಹದಿನೈದು ವರ್ಷದ ಧೂಳು ಕಾನೂನಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಶಸ್ತ್ರಚಿಕಿತ್ಸೆಯನ್ನು ಕೈಬಿಡಲಾಯಿತು. ಸಿಲಿಕಾ ಇರುವ ಶ್ವಾಸಕೋಶದಲ್ಲಿ ಔಷಧಗಳು ಬ್ಯಾಕ್ಟೀರಿಯಾವನ್ನು ಪೂರ್ತಿ ತೊಡೆಯಲು ಹೆಚ್ಚು ಕಾಲ ಬೇಕಾಗುವುದರಿಂದ ಈ ಸಲ ಟಿಬಿ ಚಿಕಿತ್ಸೆಯನ್ನು ಎಂದಿನ ಆರು ತಿಂಗಳಿಗಿಂತ ಮುಂದುವರಿಸಿದರು. ಕೆಮ್ಮು ನಿಂತಿತು, ತೂಕ ಏರಿತು, ಕಲ್ಚರಿನಲ್ಲಿ ಮತ್ತೆ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಗಡ್ಡೆ ಇದ್ದಲ್ಲೇ ಇದೆ, ದಮ್ಮು ಹೋಗಿಲ್ಲ. ಸಿಲಿಕಾ ಬೆಳೆಸಿದ ನಾರನ್ನು ಕರಗಿಸುವ ಔಷಧ ಇಲ್ಲ. ಅವರು ಡ್ರಿಲ್ ಬಿಟ್ಟಿದ್ದಾರೆ. ಪರಿಹಾರದ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಅವರೊಂದಿಗೆ ಕೆಲಸ ಮಾಡಿದವರ ಎಕ್ಸ್‌ರೇ ತೆಗೆಸುವ ಕೆಲಸವನ್ನು ಕ್ಷಯ ವಿಭಾಗದ ಕಾರ್ಯಕರ್ತರು ಕೈಗೆತ್ತಿಕೊಂಡಿದ್ದಾರೆ, ಮತ್ತು ಆ ಹುಡುಕಾಟ ನಮ್ಮ ಯಾವ ಉಪಕರಣಕ್ಕಿಂತಲೂ ಹೆಚ್ಚು ಜನರಿಗೆ ನೆರವಾಗುತ್ತದೆ ಎಂದು ನಂಬಿದ್ದೇನೆ.

ನಮ್ಮಲ್ಲಿ ಈಗ ಶ್ವಾಸಕೋಶದ ಸೂಜಿ ಬಯಾಪ್ಸಿ ಯಾವುದೇ ಬಂದರೂ ಮೊದಲ ಕತ್ತರಿಕೆಯಲ್ಲಿಯೇ ಬಣ್ಣವಿಲ್ಲದ ಪದರಗಳನ್ನು ಎತ್ತಿಡುತ್ತೇವೆ. ಫಾರ್ಮಲಿನ್‌ನ ಆಮ್ಲೀಯತೆಯನ್ನು ವಾರಕ್ಕೊಮ್ಮೆ ಅಳೆದು ಬರೆಯುತ್ತೇವೆ. ಹೊರಗಿನ ತಜ್ಞರಿಗೆ ಸ್ಕ್ಯಾನ್ ಕಳುಹಿಸುವಾಗ ಅದೇ ಜಾಗದ ಧ್ರುವೀಕೃತ ಚಿತ್ರವನ್ನು, ಹಲವು ಆಳಗಳಲ್ಲಿ ತೆಗೆದ ಚಿತ್ರಗಳನ್ನು ಜೊತೆಗಿಟ್ಟು, ಯಾವ ಮಸೂರ, ಯಾವ ಬೆಳಕು ಎಂದು ಕಡತದಲ್ಲಿಯೇ ನಮೂದಿಸುತ್ತೇವೆ. ಕೋರಿಕೆ ಚೀಟಿಯಲ್ಲಿ ಉದ್ಯೋಗದ ಕೆಳಗೆ ಎರಡು ಸಾಲುಗಳನ್ನು ಸೇರಿಸಿದ್ದೇವೆ: ಧೂಳಿನ ಕೆಲಸವೇ, ಎಷ್ಟು ವರ್ಷ? ಕೊಪ್ಪಳ ಮತ್ತು ರಾಯಚೂರಿನಿಂದ ಬರುವ ಚೀಟಿಗಳಲ್ಲಿ ಈ ಸಾಲುಗಳು ಈಗ ಸಾಮಾನ್ಯವಾಗಿ ತುಂಬಿಯೇ ಬರುತ್ತಿವೆ. ಖಾಲಿ ಬಂದರೆ ತಂತ್ರಜ್ಞರು ಬ್ಲಾಕ್ ಕತ್ತರಿಸುವ ಮುಂಚೆಯೇ ಫೋನ್ ಮಾಡುತ್ತಾರೆ.